ಇಲಿಗೆ ಹೆಂಡ ಕುಡಿಸಿದ ಎರಡು ವರ್ಷ

ನನ್ನ ಕೆಲಸ ಏನು ಅಂತ ಮೊದಲ ಸಲ ಫೋನಿನಲ್ಲಿ ಬಿಡಿಸಿ ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: "ಇಲಿಗೆ ಹೆಂಡಾ ಕುಡಸಾಕ ಅಮೆರಿಕಾಕ್ಕ ಹೋಗಬೇಕಿತ್ತೇನವಾ?"

ಏನು ಹೇಳಲಿ? ಕೆಲಸ ಅದೇ ಆಗಿತ್ತಲ್ಲ. 2010ರಿಂದ 2012ರವರೆಗೆ ನಾನು ಕ್ಯಾಲಿಫೋರ್ನಿಯಾದ ಒಂದು ಲ್ಯಾಬಿನಲ್ಲಿ ಪೋಸ್ಟ್‌ಡಾಕ್ ಆಗಿದ್ದೆ. ಇಲಿಗಳಿಗೆ ಕುಡಿತದ ಚಟ ಹತ್ತಿಸಬೇಕು. ಹತ್ತಿದ ಮೇಲೆ ನಿಲ್ಲಿಸಬೇಕು. ನಿಲ್ಲಿಸಿದಾಗ ಬರುವ ಒದ್ದಾಟವನ್ನು ಒಂದು ಹೊಸ ಪುಡಿ ತಗ್ಗಿಸುತ್ತದಾ ಅಂತ ನೋಡಬೇಕು. ಆ ಪುಡಿಗೆ ಇನ್ನೂ ಹೆಸರು ಕೂಡ ಇರಲಿಲ್ಲ. ಸೀಸೆಯ ಮೇಲೆ ಬರೀ ಒಂದು ನಂಬರ್.

ಇಲಿ ಹಿಡಿಯುವುದು ನನಗೆ ಹೊಸದಲ್ಲ. ಊರ ಕಡೆ ಎಂ.ಫಾರ್ಮ್ ಮಾಡುವಾಗ ಒಂದೆಲಗದ ರಸ ಆತಂಕ ಕಡಿಮೆ ಮಾಡುತ್ತದಾ ಅಂತ ಪ್ರಾಜೆಕ್ಟ್ ಮಾಡಿದ್ದೆ. ಅದಕ್ಕೆ 'ಪ್ಲಸ್ ಮೇಜ್' ಬೇಕಿತ್ತು. ಕೂಡಿಸುವ ಚಿಹ್ನೆಯ ಆಕಾರದ ಕಟ್ಟೆ ಅದು, ನೆಲದಿಂದ 50 ಸೆಂ.ಮೀ. ಎತ್ತರ. ನಾಲ್ಕು ತೋಳುಗಳಲ್ಲಿ ಎರಡಕ್ಕೆ ಗೋಡೆ ಇದೆ, ಎರಡು ಬಯಲು. ಹೆದರಿದ ಇಲಿ ಗೋಡೆ ಇರುವ ಕಡೆಯೇ ಕೂರುತ್ತದೆ. ಧೈರ್ಯ ಬಂದದ್ದು ಬಯಲಿಗೆ ಬಂದು ಅಂಚಿನಿಂದ ತಲೆ ಬಗ್ಗಿಸಿ ಕೆಳಗೆ ನೋಡುತ್ತದೆ. ಐದು ನಿಮಿಷ ಸ್ಟಾಪ್‌ವಾಚ್ ಹಿಡಿದು ಎಣಿಸಬೇಕು. ಕೊಳ್ಳಲು ಕಾಲೇಜಿನಲ್ಲಿ ದುಡ್ಡಿಲ್ಲ. ನಾವೇ ಅಳತೆ ಬರೆದು ಬಡಗಿಯ ಹತ್ತಿರ ಹೋದೆವು. ಆತ ಚೀಟಿಯನ್ನು ಆ ಕಡೆ ಈ ಕಡೆ ತಿರುಗಿಸಿ, "ಪಗಡಿ ಆಡಾಕೇನ್ರೀ ಮೇಡಮ್ಮಾರ?" ಅಂದ. ಇಲಿಗೆ ಅಂದ ಮೇಲೆ ಇಪ್ಪತ್ತು ರೂಪಾಯಿ ಕಡಿಮೆ ಮಾಡಿಕೊಂಡ. ಯಾಕೋ ಇವತ್ತಿಗೂ ಗೊತ್ತಿಲ್ಲ.

ಆತಂಕಕ್ಕೆ ಕೊಡುವ ಡಯಾಜೆಪಾಮ್ ಕೊಟ್ಟ ಇಲಿಗಳು ಆ ಪಗಡೆ ಹಾಸಿನ ಬಯಲಲ್ಲಿ ರಾಜರ ಹಾಗೆ ಓಡಾಡುತ್ತಿದ್ದವು. ಹಳೆಯ ಮದ್ದು, ಗಟ್ಟಿ ಮದ್ದು. ಆದರೆ ತೂಕಡಿಕೆ ಬರಿಸುತ್ತದೆ, ಆ ಮದ್ದಿನದೇ ಚಟ ಹತ್ತುತ್ತದೆ. ಹಾಗಾಗಿಯೇ ಇಡೀ ಜಗತ್ತು ಬೇರೆ ದಾರಿ ಹುಡುಕುತ್ತಿತ್ತು. ನಾನು ಸೇರಿದ ಲ್ಯಾಬ್ ಹಿಡಿದಿದ್ದ ದಾರಿ ಸಿಆರ್‌ಎಫ್.

ಸಿಆರ್‌ಎಫ್ ಅಂದರೆ ಮಿದುಳು ಗಾಬರಿಯಾದಾಗ ಹಾಕುವ ಕೂಗು ಅಂದುಕೊಳ್ಳಿ. 41 ಅಮೈನೋ ಆಮ್ಲಗಳ ಒಂದು ಚಿಕ್ಕ ಸರ. 1981ರಲ್ಲಿ ಸಾಲ್ಕ್ ಸಂಸ್ಥೆಯ ವೈಲೀ ವೇಲ್ ಮತ್ತು ಅವರ ಜೊತೆಯವರು ಲಕ್ಷಗಟ್ಟಲೆ ಕುರಿಗಳ ಮಿದುಳಿನ ಚೂರುಗಳನ್ನು ಸೋಸಿ ಸೋಸಿ ಇದನ್ನು ಹೊರತೆಗೆದರು. ಈ ಕೂಗನ್ನು ಕೇಳಿಸಿಕೊಳ್ಳುವ ಕಿವಿಯೇ ರಿಸೆಪ್ಟರ್. ಕಿವಿಗಳು ಒಂದೇ ಕಡೆ ಇಲ್ಲ. ಮಿದುಳಿನ ಬುಡದಲ್ಲಿ ನೇತಾಡುವ ಪಿಟ್ಯುಟರಿ ಗ್ರಂಥಿಯಲ್ಲಿ ಇವೆ. ಅಲ್ಲಿ ಕೂಗು ಕೇಳಿದರೆ ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಗೆ ಸುದ್ದಿ ಹೋಗಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಹರಿಯುತ್ತದೆ. ಇನ್ನು ಕೆಲವು ಕಿವಿಗಳು ಮಿದುಳಿನ ಒಳಗೇ, ಭಯ ಹುಟ್ಟುವ ಜಾಗವಾದ ಅಮಿಗ್ಡಲಾದಲ್ಲಿವೆ. ನಮ್ಮ ಪುಡಿಯ ಕೆಲಸ ಕಿವಿಗೆ ಅರಳೆ ತುರುಕುವುದು, ಅಷ್ಟೇ. ಕೂಗುವವನು ಕೂಗಲಿ, ಕೇಳಿಸಬಾರದು.

ಇದನ್ನು ಕೇಳಿದಾಗ ನನಗೆ ದೊಡ್ಡಪ್ಪ ನೆನಪಾಗಿದ್ದ. ನಮ್ಮದು ನೇಕಾರರ ಮನೆ. ದೊಡ್ಡಪ್ಪ ಬೆಳಗ್ಗೆ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಆದರೂ ಅರ್ಧ ಚಹಾ ಬಸಿಯಲ್ಲಿ. ಮಗ್ಗದಲ್ಲಿ ಎಳೆ ಹರಿದರೆ ಆ ಕೈಯಲ್ಲಿ ಗಂಟು ಹಾಕಲು ಆಗುತ್ತಿರಲಿಲ್ಲ. ಒಂದು ಪಾಕೀಟು ಕುಡಿದು ಬಂದರೆ ಕೈ ನೆಟ್ಟಗಾಗುತ್ತಿತ್ತು, ಎಳೆ ಕೂಡುತ್ತಿತ್ತು. ಮಜಾ ಮಾಡಲು ಕುಡಿಯುತ್ತಾನೆ ಅಂತ ಊರೆಲ್ಲ ಬೈಯುತ್ತಿತ್ತು. ಮಜಾ ಯಾವತ್ತೋ ಮುಗಿದಿತ್ತು. ನಡುಕ ನಿಲ್ಲಲಿ ಅಂತ ಕುಡಿಯುತ್ತಿದ್ದ. ನಮ್ಮ ಲ್ಯಾಬಿನ ಇಡೀ ತರ್ಕ ಆ ಬಸಿಯಲ್ಲೇ ಇತ್ತು: ಬಿಟ್ಟಾಗಿನ ಸಂಕಟಕ್ಕೆ ಸಿಆರ್‌ಎಫ್ ಕಾರಣ. ಆ ಸಂಕಟ ತಗ್ಗಿದರೆ ಕುಡಿತವೂ ತಗ್ಗಬೇಕು.

ಆದರೆ ಇಲಿ ದೊಡ್ಡಪ್ಪನಲ್ಲ. ಸುಮ್ನೆ ಹೆಂಡ ಇಟ್ಟರೆ ನೆಕ್ಕಿ ಮುಖ ತಿರುಗಿಸುತ್ತದೆ. ಮೊದಲು ಸಿಹಿ ನೀರು ಕೊಟ್ಟು, ದಿನಾ ಸಿಹಿ ಕಡಿಮೆ ಮಾಡುತ್ತಾ, ಆಲ್ಕೋಹಾಲ್ ಜಾಸ್ತಿ ಮಾಡುತ್ತಾ ಶೇ 10ಕ್ಕೆ ತರಬೇಕು. ಪೆಟ್ಟಿಗೆಯಲ್ಲಿ ಎರಡು ಲಿವರ್. ಒಂದು ಒತ್ತಿದರೆ ಆಲ್ಕೋಹಾಲ್, ಇನ್ನೊಂದು ಒತ್ತಿದರೆ ನೀರು. ಒಂದು ಒತ್ತಿಗೆ 0.1 ಮಿಲಿ. ಅರ್ಧ ಗಂಟೆಯ ಆಟ. ಇದಕ್ಕೇ ವಾರಗಟ್ಟಲೆ ಬೇಕು. ಇಷ್ಟಾದರೂ ಅದು ಶೋಕಿಗೆ ಕುಡಿಯುವ ಇಲಿ. ಚಟ ಹತ್ತಿದ ಇಲಿ ಅಲ್ಲ.

ಚಟ ಹತ್ತಿಸುವುದು ಆವಿಯಿಂದ. ಬಿಸಿ ಮಾಡಿದ ಗಾಜಿನ ಬುರುಡೆಯೊಳಗೆ ಆಲ್ಕೋಹಾಲ್ ತೊಟ್ಟು ತೊಟ್ಟಾಗಿ ಬೀಳುತ್ತದೆ. ಗಾಳಿ ಆ ಆವಿಯನ್ನು ಮುಚ್ಚಿದ ಪಂಜರಗಳಿಗೆ ತಳ್ಳುತ್ತದೆ. ಇಲಿ ಉಂಡು, ಮಲಗಿ, ಉಸಿರಾಡುತ್ತಲೇ ಅಮಲೇರಿಸಿಕೊಳ್ಳುತ್ತದೆ. ದಿನಕ್ಕೆ 14 ಗಂಟೆ ಆವಿ, 10 ಗಂಟೆ ಬರೀ ಗಾಳಿ. ಸಂಜೆ ಆರಕ್ಕೆ ಶುರು, ಬೆಳಗ್ಗೆ ಎಂಟಕ್ಕೆ ಬಂದ್. ಹೀಗೆ ತಿಂಗಳ ಮೇಲೆ. ನಡುನಡುವೆ ಬೆಳಗ್ಗೆ ಬಾಲದ ತುದಿಯಿಂದ ಒಂದೆರಡು ಹನಿ ರಕ್ತ ತೆಗೆದು ಅಳೆಯಬೇಕು. 100 ಮಿಲಿ ರಕ್ತಕ್ಕೆ 150ರಿಂದ 200 ಮಿ.ಗ್ರಾಂ. ಆಲ್ಕೋಹಾಲ್ ಇರಬೇಕು ಅನ್ನುವುದು ನಮ್ಮ ಗುರಿ. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಮಿತಿ 30 ಮಿ.ಗ್ರಾಂ. ಅಂದರೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಆ ಕೋಣೆಗೆ ಸೂಜಿ ಚುಚ್ಚುವ ಮುಂಚೆ ಒರೆಸುವ ಸ್ಪಿರಿಟ್ಟಿನ ವಾಸನೆ. ಬಟ್ಟೆಗೂ ಹತ್ತುತ್ತಿತ್ತು. ಒಂದು ಬೆಳಗ್ಗೆ ಲ್ಯಾಬಿನಿಂದ ನೇರ ಬಸ್ ಹತ್ತಿದೆ. ಪಕ್ಕದ ಸೀಟಿನ ಅಜ್ಜಿ ನನ್ನನ್ನು ಒಮ್ಮೆ ನೋಡಿ, ಎದ್ದು ಮುಂದೆ ಹೋಗಿ ಕೂತರು. ಹುಟ್ಟಿದಾಗಿನಿಂದ ಒಂದು ತೊಟ್ಟು ಮುಟ್ಟದವಳು ನಾನು!

ಆವಿ ನಿಂತು ಐದಾರು ಗಂಟೆಯಾದರೆ ಇಲಿಯೇ ಬೇರೆಯಾಗುತ್ತದೆ. ಹನ್ನೊಂದನೇ ನಂಬರಿನ ಇಲಿ ನನಗೆ ತುಂಬಾ ರೂಢಿಯಾಗಿತ್ತು. ಎತ್ತಿಕೊಂಡರೆ ನನ್ನ ಗ್ಲೌಸಿನ ಬಾಯಿಯೊಳಗೆ ಮೂಗು ತೂರಿಸುತ್ತಿದ್ದ. ಅವನೇ ಮಧ್ಯಾಹ್ನದ ಹೊತ್ತಿಗೆ ಮುಟ್ಟಿದರೆ ಚೀರುತ್ತಿದ್ದ. ಬಾಲ ಕಡ್ಡಿಯ ಹಾಗೆ ಸೆಟೆದಿರುತ್ತಿತ್ತು. ಕುತ್ತಿಗೆ ಹಿಂದೆ ಹಿಡಿದು ಎತ್ತಿದರೆ ಹಿಂಗಾಲುಗಳನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಿದ್ದ. ಈ ಮೂರಕ್ಕೂ ನಾವು ಸೊನ್ನೆಯಿಂದ ಎರಡರವರೆಗೆ ಅಂಕ ಹಾಕುತ್ತಿದ್ದೆವು. ಅಂಕ ಹಾಕುವಾಗ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಬಸಿಯಲ್ಲಿ ಚೆಲ್ಲಿದ ಚಹಾ.

ಇನ್ನು ಪುಡಿಯ ಕಥೆ. ಅದನ್ನು ಮಾಡುತ್ತಿದ್ದವರು ಮೂರನೇ ಮಹಡಿಯ ಒಬ್ಬ ಹಿರಿಯ ಕೆಮಿಸ್ಟ್. ಮಾತು ಕಡಿಮೆ. ಐದಾರು ವಾರ ದುಡಿದರೆ ಒಂದು ಗ್ರಾಂ ಕೂಡ ಆಗುತ್ತಿರಲಿಲ್ಲ. ಮಿದುಳಿಗೆ ಹೋಗಬೇಕಾದ ಮದ್ದಿಗೆ ಎಣ್ಣೆಯ ಗುಣ ಇರಬೇಕು. ಎಣ್ಣೆಯ ಗುಣ ಇದ್ದರೆ ನೀರಿನಲ್ಲಿ ಕರಗುವುದಿಲ್ಲ. ಅದಕ್ಕೊಂದು ಉಪಾಯ ಇತ್ತು. ಮೊದಲು ಪುಡಿಯನ್ನು ಆಸಿಡ್ಡಿನಲ್ಲಿ ಕರಗಿಸುವುದು. ಆಮೇಲೆ ಸೈಕ್ಲೋಡೆಕ್ಸ್‌ಟ್ರಿನ್ ಸೇರಿಸುವುದು. ಅದು ಸಕ್ಕರೆಯ ಅಣುಗಳೇ ಸೇರಿ ಆದ ಬಳೆ. ಬಳೆಯ ಹೊರಮೈ ನೀರಿಗೆ ಒಗ್ಗುತ್ತದೆ, ಒಳಗೆ ನಮ್ಮ ಪುಡಿ ಅಡಗಿ ಕೂರುತ್ತದೆ. ಕೊನೆಗೆ ಕಾಸ್ಟಿಕ್ ಸೋಡಾ ಹನಿ ಹನಿಯಾಗಿ ಹಾಕಿ ಹುಳಿ ಮುರಿದು ಪಿಎಚ್ 4.5ಕ್ಕೆ ತರಬೇಕು. ಇಲ್ಲದಿದ್ದರೆ ಚುಚ್ಚಿದ ಜಾಗದಲ್ಲಿ ಇಲಿಗೆ ಉರಿ.

ಒಂದು ದಿನ ನಾನು ಅವಸರದಲ್ಲಿದ್ದೆ. ಮೀಟರ್ 4.1 ತೋರಿಸುತ್ತಿತ್ತು. ಒಂದು ಹನಿ. 4.2. ಇನ್ನೊಂದು. 4.3. ಕೈ ಜಾರಿ ಮೂರು ಹನಿ ಒಟ್ಟಿಗೆ ಬಿತ್ತು. ನೀರಿನ ಹಾಗೆ ತಿಳಿಯಾಗಿದ್ದದ್ದು ಕಣ್ಣ ಮುಂದೆಯೇ ಮಜ್ಜಿಗೆಯಾಯಿತು. ಆರು ವಾರದ ಮಜ್ಜಿಗೆ. ಟ್ಯೂಬ್ ಹಿಡಿದುಕೊಂಡು ಮೂರನೇ ಮಹಡಿಗೆ ಹೋದೆ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡಿದ್ದೆ. ಅವರು ಟ್ಯೂಬನ್ನು ಬೆಳಕಿಗೆ ಹಿಡಿದು, "ಪಿಎಚ್ ಎಷ್ಟಕ್ಕೆ ಹೋಯಿತು?" ಅಂತ ಮಾತ್ರ ಕೇಳಿದರು. ಆರು ದಾಟಿತು ಅಂದೆ. ತಲೆಯಾಡಿಸಿ ಟ್ಯೂಬ್ ಇಸಿದುಕೊಂಡರು. ಎರಡು ದಿನ ಬಿಟ್ಟು ಮುಕ್ಕಾಲು ಪಾಲು ಪುಡಿಯನ್ನು ಮತ್ತೆ ಒಣಗಿಸಿ ನನ್ನ ಮೇಜಿನ ಮೇಲಿಟ್ಟಿದ್ದರು.

ಟೆಸ್ಟ್ ದಿನಗಳು ಮಂಗಳವಾರ ಮತ್ತು ಶುಕ್ರವಾರ. ನಾಲ್ಕು ಬಗೆಯ ಸಿರಿಂಜ್. ಒಂದರಲ್ಲಿ ಬರೀ ಬಳೆಯ ನೀರು. ಉಳಿದ ಮೂರರಲ್ಲಿ ಪುಡಿಯ ಮೂರು ಪ್ರಮಾಣ. ಪ್ರತಿ ಇಲಿಗೂ ಬೇರೆ ಬೇರೆ ದಿನ ನಾಲ್ಕೂ ಸಿಗಬೇಕು, ಸರದಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಯಾವುದು ಯಾವುದರಲ್ಲಿದೆ ಅಂತ ನನಗೆ ಗೊತ್ತಿರಬಾರದು. ಸಹೋದ್ಯೋಗಿ ಅಕ್ಷರ ಬರೆದು ಕೊಡುತ್ತಿದ್ದ, ಲೆಕ್ಕದ ಚೀಟಿ ಲಕೋಟೆಯಲ್ಲಿ.

2011ರ ಸೆಪ್ಟೆಂಬರ್ 2 ಶುಕ್ರವಾರ ಬಂತು. ಹಿಂದಿನ ದಿನ ಗಣೇಶ ಚೌತಿ. ಬೆಳಗ್ಗೆ ಏಳಕ್ಕೆ ನಾನು ಬಾಲದ ರಕ್ತ ತೆಗೆಯುತ್ತಿದ್ದಾಗ ಅವ್ವನ ಫೋನು. ಅಲ್ಲಿ ರಾತ್ರಿಯಾಗುತ್ತಿತ್ತು. "ಇವತ್ತ ಇಲಿ ವಾರ ಐತಿ, ನೆನಪೈತಿಲ್ಲ?" ಅಂದಳು. ಚೌತಿಯ ಮರುದಿನ ನಮ್ಮ ಮನೆಯಲ್ಲಿ ಇಲಿ ವಾರ. ಗಣಪ್ಪನಷ್ಟೇ ಮರ್ಯಾದೆ ಅವತ್ತು ಇಲಿಗೆ. ಮಗ್ಗ ಮುಟ್ಟುವುದಿಲ್ಲ, ಅರಿವೆಗೆ ಕತ್ತರಿ ಹಾಕುವುದಿಲ್ಲ. ವರ್ಷವಿಡೀ ನೂಲು ಕಡಿಯಬೇಡಪ್ಪ ಅಂತ ಬೇಡಿಕೊಳ್ಳುವ ದಿನ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಹನ್ನೊಂದನೇ ನಂಬರಿನ ಬಾಲ. ನೆನಪಿದೆ ಅಂದೆ. ಏನು ಮಾಡುತ್ತಿದ್ದೀ ಅಂತ ಅವ್ವ ಕೇಳಲಿಲ್ಲ, ಪುಣ್ಯ.

ಸರದಿ ಹಬ್ಬ ನೋಡುವುದಿಲ್ಲ. ಮಧ್ಯಾಹ್ನ ಒಂದಕ್ಕೆ ಚುಚ್ಚಿದೆ. ಎರಡಕ್ಕೆ ಪೆಟ್ಟಿಗೆಗೆ ಬಿಟ್ಟೆ. ಕೆಂಪು ಬೆಳಕಿನ ಕತ್ತಲೆ ಕೋಣೆ. ಪಕ್ಕದಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಒತ್ತುಗಳ ಲೆಕ್ಕ ಏರುತ್ತಿತ್ತು. ಹನ್ನೊಂದನೆಯವನು ಮಂಗಳವಾರ ಅರವತ್ತು ದಾಟಿದ್ದ. ಅವತ್ತು ಮೂವತ್ತರ ಹತ್ತಿರ ನಿಂತುಬಿಟ್ಟ. ಮೂಲೆಗೆ ಹೋಗಿ ಮೀಸೆ ಒರೆಸಿಕೊಳ್ಳುತ್ತಾ ಕೂತ. ತೂಕಡಿಸುತ್ತಿದ್ದಾನಾ ಅಂತ ನೋಡಿದೆ. ಇಲ್ಲ, ಕಣ್ಣು ಬಿಟ್ಟುಕೊಂಡು ಆರಾಮಾಗಿದ್ದ. ನೋಡಿಯೂ ನೋಡದವರ ಹಾಗೆ ಬರೆದುಕೊಳ್ಳಬೇಕು. ಆದರೂ ಎದೆ ಹೊಡೆದುಕೊಳ್ಳುತ್ತಿತ್ತು.

ಲಕೋಟೆ ಒಡೆದದ್ದು ಎರಡು ವಾರದ ಮೇಲೆ. ಪುಡಿ ಜಾಸ್ತಿಯಾದಷ್ಟೂ ಚಟ ಹತ್ತಿದ ಇಲಿಗಳ ಒತ್ತು ಕಡಿಮೆಯಾಗಿತ್ತು. ಆವಿ ಕಾಣದ, ಶೋಕಿಗೆ ಕುಡಿಯುವ ಇಲಿಗಳ ಮೇಲೆ ಏನೂ ಪರಿಣಾಮ ಇಲ್ಲ. ನಮಗೆ ಬೇಕಾಗಿದ್ದದ್ದು ಇದೇ. ಪುಡಿ ಇಲಿಯನ್ನು ಮಂಕು ಮಾಡಿದ್ದರೆ ಎರಡೂ ಗುಂಪು ತಣ್ಣಗಾಗಬೇಕಿತ್ತು. ಹಾಗಾಗಲಿಲ್ಲ. ಸಂಕಟ ಇದ್ದಲ್ಲಿ ಮಾತ್ರ ಅರಳೆ ಕೆಲಸ ಮಾಡಿತ್ತು. ಬೇರೆ ಲ್ಯಾಬುಗಳಲ್ಲಿ ಬೇರೆ ಪುಡಿಗಳೂ ಇದೇ ಮಾತು ಹೇಳಿದ್ದವು. ಅವತ್ತು ರಾತ್ರಿ ಅವ್ವನಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ: "ಅವಾಗ ಇದು ಇದ್ದಿದ್ರ ನಿಮ್ಮ ದೊಡ್ಡಪ್ಪಗ ಉಪಯೋಗ ಆಗತಿತ್ತೇನ?" ದೊಡ್ಡಪ್ಪ ತೀರಿಕೊಂಡು ಆಗ ಮೂರು ವರ್ಷ. ನಾನು ಹೂಂ ಅಂದೆ.

ಇಲಿಗಳದ್ದು ಅಲ್ಲಿಗೆ ಮುಗಿಯುತ್ತದೆ. ಪುಡಿ ಎಲ್ಲಿ ಹೋಗಿ ಕೂತಿದೆ ಅಂತ ನೋಡಲು ಮಿದುಳು ಬೇಕು. ಅರಿವಳಿಕೆ ಕೊಟ್ಟು ಮಾಡುತ್ತೇವೆ, ನೋವಾಗುವುದಿಲ್ಲ. ಹನ್ನೊಂದನೆಯವನನ್ನು ನಾನು ಮಾಡಲಿಲ್ಲ. ಅವತ್ತು ಕಾಫಿ ಕುಡಿಯಲು ಹೋದೆ. ಬರುವಷ್ಟರಲ್ಲಿ ಸಹೋದ್ಯೋಗಿ ಅವನ ನಂಬರಿನ ಮುಂದೆ ಗೆರೆ ಎಳೆದಿದ್ದ.

ಈಗ ಆ 'ಹೂಂ' ವಿಷಯಕ್ಕೆ ಬರುತ್ತೇನೆ.

ನಾನು ಸೇರಿದ ವರ್ಷವೇ ಒಂದು ಕೆಟ್ಟ ಸುದ್ದಿ ಬಂದಿತ್ತು. ಇದೇ ಜಾತಿಯ ಪೆಕ್ಸಾಸರ್‌ಫಾಂಟ್ ಅನ್ನುವ ಮದ್ದನ್ನು ಆತಂಕದ ಕಾಯಿಲೆ ಇರುವ 260 ಜನರಲ್ಲಿ ಪರೀಕ್ಷಿಸಿದ್ದರು. ಹೋಲಿಕೆಗೆ ಇಟ್ಟಿದ್ದ, ಮೊದಲೇ ಬಳಕೆಯಲ್ಲಿದ್ದ ಎಸ್ಸಿಟಲೋಪ್ರಾಮ್ ಅನ್ನುವ ಮದ್ದು ಕೆಲಸ ಮಾಡಿತ್ತು. ಪೆಕ್ಸಾಸರ್‌ಫಾಂಟ್ ಮಾತ್ರ ಒಳಗೆ ಮದ್ದೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ ಅಂತ ಗೊತ್ತಾಯಿತು. ನಮ್ಮ ಬಾಸ್ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅದು ದಿನನಿತ್ಯದ ಆತಂಕ, ನಮ್ಮದು ಚಟ ಬಿಟ್ಟಾಗಿನ ಸಂಕಟ, ಎರಡೂ ಬೇರೆ ಅಂದರು. ನಾನೂ ನಂಬಿದೆ.

2015ರಲ್ಲಿ ನಾನು ಬೆಂಗಳೂರಿಗೆ ವಾಪಸ್ ಬಂದು ಬೇರೆ ಕೆಲಸದಲ್ಲಿದ್ದೆ. ಆಗ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಫಲಿತಾಂಶ ಓದಿದೆ. ಅದೇ ಪೆಕ್ಸಾಸರ್‌ಫಾಂಟನ್ನು ಈ ಸಲ ಕುಡಿತದ ಚಟ ಮತ್ತು ಆತಂಕ ಎರಡೂ ಇರುವ 55 ಜನರಿಗೆ ಕೊಟ್ಟಿದ್ದರು. ಅವರವರದೇ ಬದುಕಿನ ಕಹಿ ಘಟನೆ ಕೇಳಿಸಿ, ಹೆಂಡ ತೋರಿಸಿ, ಕುಡಿಯಬೇಕು ಅನಿಸುತ್ತದಾ ಅಂತ ಕೇಳಿದರು. ಮದ್ದು ಏನೂ ಮಾಡಲಿಲ್ಲ. ಮರುವರ್ಷ ವೆರುಸರ್‌ಫಾಂಟ್ ಅನ್ನುವ ಇನ್ನೊಂದು ಮದ್ದು, 39 ಹೆಂಗಸರಲ್ಲಿ. ಅದರಲ್ಲಿ ಒಂದು ಮಾತು ನನ್ನನ್ನು ಕಚ್ಚಿತು. ಪಿಟ್ಯುಟರಿಯ ಕಿವಿಗೆ ಅರಳೆ ಸರಿಯಾಗಿಯೇ ಕೂತಿತ್ತು, ಹಾರ್ಮೋನಿನ ಏರಿಕೆ ತಗ್ಗಿತ್ತು. ಕುಡಿಯಬೇಕು ಅನ್ನುವ ಆಸೆ ಮಾತ್ರ ಹಾಗೇ ಇತ್ತು.

ಅವತ್ತು ಕೂತು ನನ್ನ ಪ್ರಯೋಗವನ್ನು ತಿರುವಿ ಹಾಕಿದೆ. ನಾವು ಇಲಿಯನ್ನು ಪರೀಕ್ಷಿಸಿದ್ದು ಅಮಲು ಇಳಿದ ಆರನೇ ಗಂಟೆಯಲ್ಲಿ, ಬಾಲ ಸೆಟೆದಿದ್ದಾಗ, ಎದುರಿಗೇ ಹೆಂಡ ಇದ್ದಾಗ. ಆ ರೋಗಿಗಳೋ, ಆಸ್ಪತ್ರೆಗೆ ಸೇರಿ ನಡುಕವೆಲ್ಲ ಇಳಿದ ಮೇಲೆ ಮದ್ದು ತಗೊಂಡವರು. ನಾವು ಎಣಿಸಿದ್ದು ಒತ್ತು. ಅವರು ಕೇಳಿದ್ದು ಆಸೆ. ಇನ್ನೊಂದು ವಿಷಯ ಹೇಳಲು ನಾಚಿಕೆಯಾಗುತ್ತದೆ. ನಮ್ಮ ಇಲಿಗಳೆಲ್ಲ ಗಂಡು. ಒಂದೂ ಹೆಣ್ಣಿಲ್ಲ. ಆಗ ಯಾರೂ ಅದನ್ನು ಕೇಳುತ್ತಲೂ ಇರಲಿಲ್ಲ. ಎನ್‌ಐಎಚ್ ಎರಡೂ ಲಿಂಗವನ್ನು ಲೆಕ್ಕಕ್ಕೆ ತಗೊಳ್ಳಿ ಅಂತ ಪಟ್ಟು ಹಿಡಿದದ್ದು 2016ರಲ್ಲಿ. ಅಷ್ಟರಲ್ಲಿ ಹೆಂಗಸರ ಮೇಲಿನ ಪರೀಕ್ಷೆ ಮುಗಿದೇ ಹೋಗಿತ್ತು.

ನಮ್ಮ ಇಲಿ ಸುಳ್ಳು ಹೇಳಿತು ಅಂತ ನನಗೆ ಇವತ್ತಿಗೂ ಅನಿಸುವುದಿಲ್ಲ. ನಾವು ಅದನ್ನು ಬೆಳಗಿನ ದೊಡ್ಡಪ್ಪನ ಬಗ್ಗೆ ಕೇಳಿದೆವು, ಅದು ಬೆಳಗಿನ ದೊಡ್ಡಪ್ಪನ ಬಗ್ಗೆ ಹೇಳಿತು. ಕುಡಿತ ಬಿಟ್ಟು ತಿಂಗಳಾದ ಮೇಲೆ ಒಂದು ಸಂಜೆ ಸುಮ್ನೆ ಎದ್ದು ಅಂಗಡಿ ಕಡೆ ನಡೆಯುವ ದೊಡ್ಡಪ್ಪ ಬೇರೆ. ಅವನ ಬಗ್ಗೆ ನಾವು ಕೇಳಿಯೇ ಇರಲಿಲ್ಲ.

ಅವ್ವನಿಗೆ ಹೇಳಲು ನಾಲ್ಕು ದಿನ ಬೇಕಾಯಿತು. ಹಬ್ಬಕ್ಕೆ ಊರಿಗೆ ಹೋದಾಗ ರೊಟ್ಟಿ ಬಡಿಯುತ್ತಿದ್ದವಳ ಪಕ್ಕ ಕೂತು, ಆ ಮದ್ದು ಮನುಷ್ಯರಿಗೆ ಹತ್ತಲಿಲ್ಲ ಅಂದೆ. "ಹೋಗ್ಲಿ ಬಿಡು. ದವಾಖಾನಿಗೆ ಕರಕೊಂಡ ಹೋಗಿದ್ರ ಏನರ ಕೊಡತಿದ್ರು, ನಾವ ಹೋಗಲಿಲ್ಲ" ಅಂದಳು. ಅದೂ ನಿಜವೇ. ಬಿಟ್ಟಾಗಿನ ನಡುಕ, ಫಿಟ್ಸ್ ತಡೆಯಲು ಡಯಾಜೆಪಾಮಿನ ಜಾತಿಯ ಹಳೆಯ ಮದ್ದುಗಳೇ ಇವೆ. ಆಮೇಲೆ ಮತ್ತೆ ಕುಡಿಯದ ಹಾಗೆ ನೋಡಿಕೊಳ್ಳಲು ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಇವೆ. ಡಾಕ್ಟರ ಕಣ್ಣಳತೆಯಲ್ಲೇ ತಗೊಳ್ಳಬೇಕಾದವು. ದೊಡ್ಡಪ್ಪ ಒಂದನ್ನೂ ಕಂಡವನಲ್ಲ.

ಪುಡಿಗಳ ಕಥೆ ಮುಗಿಯಿತು ಅಂದುಕೊಂಡಿದ್ದೆ. 2024ರ ಡಿಸೆಂಬರಿನಲ್ಲಿ ಮದ್ದುಗಳಿಗೆ ಪರವಾನಗಿ ಕೊಡುವ ಅಮೆರಿಕದ ಎಫ್‌ಡಿಎ ಕ್ರಿನೆಸರ್‌ಫಾಂಟ್ ಅನ್ನುವ ಮದ್ದಿಗೆ ಒಪ್ಪಿಗೆ ಕೊಟ್ಟಿತು. ಹೆಸರಿನ ಬಾಲ ನೋಡಿ, ನಮ್ಮದೇ ಕುಲ. ಅದೇ ರಿಸೆಪ್ಟರ್, ಅದೇ ಅರಳೆ. ಆದರೆ ಆತಂಕಕ್ಕಲ್ಲ, ಚಟಕ್ಕೂ ಅಲ್ಲ. ಅಡ್ರಿನಲ್ ಗ್ರಂಥಿಗೆ ಕಾರ್ಟಿಸಾಲ್ ಮಾಡಲು ಬರದ, ಅದರ ಬದಲು ಗಂಡು ಹಾರ್ಮೋನ್ ಜಾಸ್ತಿ ಸುರಿಸುವ ಒಂದು ಹುಟ್ಟು ಕಾಯಿಲೆ ಇದೆ. ಅಂಥವರು ಜೀವನಪೂರ್ತಿ ದೊಡ್ಡ ಪ್ರಮಾಣದಲ್ಲಿ ಸ್ಟೀರಾಯ್ಡ್ ನುಂಗಬೇಕು. ಪಿಟ್ಯುಟರಿಯ ಕಿವಿ ಮುಚ್ಚಿದರೆ ಆ ಪ್ರಮಾಣ ಇಳಿಸಬಹುದು. ನಾಲ್ಕು ವರ್ಷದ ಮಕ್ಕಳಿಗೂ ಕೊಡಬಹುದು. 39 ಹೆಂಗಸರಲ್ಲಿ ಸರಿಯಾಗಿ ಮುಚ್ಚಿದ್ದದ್ದೂ ಅದೇ ಕಿವಿ!

ಸುದ್ದಿಯನ್ನು ಮೂರನೇ ಮಹಡಿಯ ಕೆಮಿಸ್ಟಿಗೆ ಕಳಿಸಿದೆ. ಈಗ ನಿವೃತ್ತರು. ಎರಡು ದಿನ ಉತ್ತರವಿಲ್ಲ. ಆಮೇಲೆ ಒಂದೇ ಸಾಲು: "ಪಿಎಚ್ ಎಷ್ಟಂತೆ?"

ಇದು ಕ್ಯಾಪ್ಸೂಲ್, ಕರಗಿಸುವ ಗೊಡವೆಯೇ ಇಲ್ಲ ಅಂತ ಬರೆದೆ.

ಉತ್ತರ ತಕ್ಷಣ ಬಂತು. ಮಕ್ಕಳಿಗೆ ಅಂತ ಕುಡಿಯುವ ದ್ರಾವಣವೂ ಇದೆ, ಪೂರ್ತಿ ಓದು. ಅದನ್ನು ಯಾರೋ ಕೂತು ಕರಗಿಸಿದ್ದಾರೆ.